ದೊಡ್ಡಮ್ಮನ ಪಾಸ್‌ಪೋರ್ಟೂ ಕುರಿಯ ಕಿವಿಯೂ

ಮೈಸೂರು, ಹೊರಡುವ ಮುನ್ನ

ಯಾದಗಿರಿಗೆ ಹೋಗಲು ಪಾಸ್‌ಪೋರ್ಟ್ ಬೇಕಿಲ್ಲ ಎಂದು ನಾನು ದೊಡ್ಡಮ್ಮನಿಗೆ ಮೂರು ಸಲ ಹೇಳಿದೆ. ಮೂರು ಸಲವೂ ಅವರು "ಗೊತ್ತು ಕಣೋ" ಎಂದು ಅದಕ್ಕೆ ಇನ್ನೊಂದು ಪ್ಲಾಸ್ಟಿಕ್ ಕವರು ಸುತ್ತಿ ಬ್ಯಾಗಿಗೆ ಸೇರಿಸಿದರು.

ದೊಡ್ಡಮ್ಮ ಎಂದರೆ ನಮ್ಮ ದೊಡ್ಡಪ್ಪನ ಹೆಂಡತಿ ಸರೋಜಮ್ಮ. ಇಡೀ ಆಯಸ್ಸನ್ನು ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ಕಳೆದವರು. ಎಪ್ಪತ್ತರ ಹತ್ತಿರ ಬಂದರೂ ಎದುರಿಗೆ ಕೂತವರು ಬೆನ್ನು ನೆಟ್ಟಗೆ ಮಾಡಿಕೊಳ್ಳುವಂಥ ಧ್ವನಿ. ನಿವೃತ್ತರಾದ ವರ್ಷ ಸಿಂಗಪುರಕ್ಕೆ ಹೋಗುವುದೆಂದು ಪಾಸ್‌ಪೋರ್ಟ್ ಮಾಡಿಸಿದ್ದರು. ಹೊರಡಲು ವಾರವಿರುವಾಗ ದೊಡ್ಡಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಸಿಂಗಪುರ ಅಲ್ಲೇ ಉಳಿಯಿತು. ಪಾಸ್‌ಪೋರ್ಟು ಒಂದು ಮುದ್ರೆಯನ್ನೂ ಕಾಣದೆ ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಮಲಗಿತು.

"ಇದೂ ವಿದೇಶ ಪ್ರವಾಸವೇ. ನಮ್ಮಪ್ಪ ಅಲ್ಲಿಂದ ಹೊರಟಾಗ ಅದು ನಿಜಾಮರ ರಾಜ್ಯ. ಸರ್ಕಾರ ಬೇರೆ, ನಾಣ್ಯ ಬೇರೆ. ನಮ್ಮಪ್ಪ ಫಾರಿನ್ನಿಂದ ಬಂದವರು ಕಣೋ" ಎಂದರು ದೊಡ್ಡಮ್ಮ.

ಆ ಫಾರಿನ್ ಮನುಷ್ಯ ಭೀಮಣ್ಣ. ಹದಿನೈದನೇ ವಯಸ್ಸಿನಲ್ಲಿ ಅಣ್ಣನ ಕುರಿಗಳನ್ನು ಮೇಯಿಸುತ್ತಾ ಮಧ್ಯಾಹ್ನ ಮರದ ಕೆಳಗೆ ಕಣ್ಣು ಮುಚ್ಚಿದರಂತೆ. ಎದ್ದು ನೋಡಿದರೆ ಮಂದೆಯ ದೊಡ್ಡ ಟಗರು ಕಾಣಲಿಲ್ಲ. ತೋಳ ಹೊತ್ತೊಯ್ದಿದೆ, ಇನ್ನು ಅಣ್ಣ ಚರ್ಮ ಸುಲಿಯುತ್ತಾನೆ ಎಂದು ಹೆದರಿ ಅಲ್ಲಿಂದಲೇ ಓಡಿದವರು ನಿಂತದ್ದು ಮೈಸೂರಿನಲ್ಲಿ. ಇಲ್ಲಿ ಕಾರ್ಖಾನೆಯೊಂದಕ್ಕೆ ಕಾವಲುಗಾರರಾದರು, ಮದುವೆಯಾದರು, ಒಬ್ಬಳೇ ಮಗಳನ್ನು ಓದಿಸಿದರು. ಸಾಯುವವರೆಗೂ ಊರಿನ ಹೆಸರು ಹೇಳಲಿಲ್ಲ. ಹೇಳಿದರೆ ಯಾರಾದರೂ ಕಾಗದ ಬರೆದು ಅಣ್ಣನಿಗೆ ಸುಳಿವು ಕೊಟ್ಟಾರು ಎಂಬ ಭಯ. "ಶಹಾಪುರದ ಗುಡ್ಡದ ಹಿಂದಿನ ಹಟ್ಟಿ. ಗುಡ್ಡವೇ ಮಲಗಿರೋ ಊರು. ಅಲ್ಲಿ ನಾನೊಬ್ಬ ಮಲಗಿದ್ದೇ ತಪ್ಪಾಯ್ತು" ಎಂದಷ್ಟೇ ಹೇಳಿ ನಗುತ್ತಿದ್ದರಂತೆ.

ಅವರು ಬಿಟ್ಟುಹೋದ ಗುರುತು ಒಂದೇ, ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಮಗಳಿಗಾಗಿ ಬರೆದ ಕುರಿಯ ಎರಡು ಕಿವಿ. ಕುರಿ ಸಾಕುವ ಮನೆಗಳಲ್ಲಿ ಒಬ್ಬರ ಮಂದೆ ಇನ್ನೊಬ್ಬರದರಲ್ಲಿ ಬೆರೆಯದಿರಲೆಂದು ಮರಿಯಿದ್ದಾಗಲೇ ಕಿವಿಗೆ ಗುರುತು ಹಾಕುತ್ತಾರೆ. ಮನೆಮನೆಗೂ ಬೇರೆ ಗುರುತು. ಚಿತ್ರದಲ್ಲಿ ಒಂದು ಕಿವಿಗೆ ಉದ್ದ ಸೀಳಿತ್ತು, ಇನ್ನೊಂದರ ತುದಿ ಕತ್ತರಿಸಿದಂತಿತ್ತು. ಸೀಳಿದ ಕಿವಿಯ ಬುಡದಲ್ಲಿ ಉಗುರಿನಷ್ಟು ಒಂದು ಕಚ್ಚು. ಅದು ಪೆನ್ನು ಜಾರಿದ್ದು ಎಂದು ದೊಡ್ಡಮ್ಮ ತೀರ್ಮಾನಿಸಿದ್ದರು.

ಇಷ್ಟು ವರ್ಷ ಸುಮ್ಮನಿದ್ದವರು ಈಗ ಹೊರಟಿದ್ದೇಕೆ? ದೊಡ್ಡಪ್ಪನ ಬಾಯಿಯ ದೆಸೆಯಿಂದ. ಅಪ್ಪ ಅಮ್ಮ ಹೋದ ಮೇಲೆ ಅಣ್ಣ ತಮ್ಮ ಯಾರೂ ಇಲ್ಲದ ದೊಡ್ಡಮ್ಮನಿಗೆ ತವರೆಂಬುದು ಇರಲಿಲ್ಲ. ಓರಗಿತ್ತಿಯರು ಹಬ್ಬಕ್ಕೆ ತವರಿಗೆ ಹೊರಟಾಗ ಇವರು ಅವರ ಮನೆಯ ಗಿಡಗಳಿಗೂ ನೀರು ಹಾಕುತ್ತಿದ್ದರು. ಕಳೆದ ತಿಂಗಳು ಯಾವುದೋ ಉಪ್ಪಿನಕಾಯಿಯ ಜಗಳದಲ್ಲಿ ದೊಡ್ಡಪ್ಪ ತಮಾಷೆಗೆ, "ಕೋಪ ಮಾಡ್ಕೊಂಡು ಹೋಗೋಕೆ ನಿಂಗೆ ಅಡುಗೆಮನೆ ಬಿಟ್ಟರೆ ಇನ್ಯಾವ ಊರಿದೆ?" ಎಂದುಬಿಟ್ಟರು. ದೊಡ್ಡಮ್ಮ ನಗಲಿಲ್ಲ. ಮರುದಿನ ನನ್ನನ್ನು ಕರೆದು ಎರಡು ಟಿಕೆಟ್ ಮಾಡಿಸು ಎಂದರು.

ಯಾದಗಿರಿ

ಮೈಸೂರಿನ ನಾವು ಏನನ್ನಾದರೂ ಕೇಳಬೇಕಾದರೆ ಮೊದಲು ಸೆಖೆಯ ಬಗ್ಗೆ ಮಾತಾಡಿ, ಆಮೇಲೆ ಕಾಫಿ ಆಯ್ತಾ ಎಂದು ವಿಚಾರಿಸಿ, ಎರಡು ಸುತ್ತು ಹೊಡೆದು ವಿಷಯಕ್ಕೆ ಬರುತ್ತೇವೆ. ಈ ಕಡೆಯವರಿಗೆ ಅಷ್ಟು ಪುರಸೊತ್ತಿಲ್ಲ. ರೈಲಿನಲ್ಲಿ ಎದುರು ಕೂತಿದ್ದ ಹೆಂಗಸು ಕಣ್ಣು ಬಿಡುತ್ತಲೇ ಕೇಳಿದಳು.

"ಎಲ್ಲಿಗ್ರಿ?"

"ಯಾದಗಿರಿಗಮ್ಮ."

"ಯಾರ ಮನಿಗ್ರಿ?"

ದೊಡ್ಡಮ್ಮ ಕಿಟಕಿಯ ಹೊರಗೆ ನೋಡಿದರು. ಸ್ಟೇಷನ್ನಿನ ಹೊರಗೆ ಚಹಾದವನೂ ಅದನ್ನೇ ಕೇಳಿದ. ಹೆಬ್ಬೆರಳಿನಷ್ಟು ಗ್ಲಾಸಿನಲ್ಲಿ ಅರ್ಧಕ್ಕೆ ಚಹಾ ಕೊಟ್ಟು, "ಯಾರ ಮನಿಗಿ ಬಂದೀರಿ?" ಎಂದ. ಶಹಾಪುರದ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಹರಿಯುವ ಮೊದಲೇ ಕೇಳಿದ. ಹೀಗೇ ಗುಡ್ಡ ನೋಡೋಕೆ ಬಂದ್ವಿ ಎಂದು ದೊಡ್ಡಮ್ಮ ಹೇಳಿದ್ದು ಅವನಿಗೆ ಒಪ್ಪಿಗೆಯಾಗಲಿಲ್ಲ.

"ಗುಡ್ಡಕ್ಕಂತ ಯಾರ್ ಬರ್ತಾರ್ರೀ ಅಮ್ಮಾರ? ಯಾರರ ಮನಿಗಿ ಬಂದು, ಊಟ ಮಾಡಿ, ಸಂಜಿಕ ಗುಡ್ಡ ನೋಡ್ತಾರ."

ಬಸ್ಸೆಲ್ಲ ತಲೆಯಾಡಿಸಿತು. ಭೀಮಾ ನದಿಯ ಸೇತುವೆ ದಾಟುವಾಗ ದೊಡ್ಡಮ್ಮ ನನ್ನ ಕಿವಿಯಲ್ಲಿ, "ಸಿಂಗಪುರದಲ್ಲಾದರೂ ಇಷ್ಟು ವಿಚಾರಣೆ ಇರ್ತಿರಲಿಲ್ಲವೇನೋ" ಎಂದರು. ನಗುತ್ತಲೇ ಅಂದರು, ಆದರೆ ಆ ಪ್ರಶ್ನೆ ಅವರಿಗೆ ಚುಚ್ಚುತ್ತಿದೆಯೆಂದು ನನಗೆ ಗೊತ್ತಾಯಿತು.

ಶಹಾಪುರ, ಗುಡ್ಡದ ಕಾಲಿನ ಬುಡ

ದಿನವಿಡೀ ಜೊತೆಗಿರಲು ಗೌತಮ ಎಂಬ ಆಟೋದವನನ್ನು ಗೊತ್ತುಮಾಡಿಕೊಂಡೆವು. ಮೂವತ್ತರ ಆಸುಪಾಸಿನವನು. ಹ್ಯಾಂಡಲಿನ ಮೇಲೆ ಪುಟ್ಟ ಬುದ್ಧನ ಮೂರ್ತಿ. ಊರು ದಾಟಿದ ಮೇಲೆ ಗಾಡಿ ನಿಲ್ಲಿಸಿ ಕೈ ತೋರಿಸಿದ.

"ನೋಡ್ರಿ, ಬುದ್ಧ ಮಲಗ್ಯಾನ. ಅದು ಹಣಿ, ಅದು ಮೂಗು, ಇದು ಎದಿ. ನಾ ದಿನಾ ಮುಂಜಾನಿ ಇದಕ್ಕ ಕೈ ಮುಗದ ಮ್ಯಾಲನ ಗಾಡಿ ಚಾಲೂ ಮಾಡ್ತೀನ್ರಿ."

ಇಂಥ ಜಾಗಗಳಲ್ಲಿ ಕಂಡೂ ಕಾಣದ ಆಕಾರಕ್ಕೆ ಹೌದೌದು ಎನ್ನುವುದು ನನ್ನ ಅಭ್ಯಾಸ. ಇಲ್ಲಿ ಆ ಕಷ್ಟ ಬರಲಿಲ್ಲ. ಬಂಡೆಗಳ ಸಾಲು ನಿಜಕ್ಕೂ ಅಂಗಾತ ಮಲಗಿತ್ತು. ಹಣೆಯಿಂದ ಕಾಲಿನವರೆಗೆ ಬೆಳಗಿನ ಬಿಸಿಲು ಹರಡಿತ್ತು. ದೊಡ್ಡಮ್ಮ ಆಟೋದಿಂದ ಇಳಿದು, ಸೆರಗು ತಲೆಯ ಮೇಲೆ ಎಳೆದುಕೊಂಡು, "ಅಪ್ಪ ಸುಳ್ಳು ಹೇಳಿರಲಿಲ್ಲ" ಎಂದರು.

ಸುರಪುರದ ರಸ್ತೆಯ ಕಡೆಗೆ ಗುಡ್ಡ ಬಳಸಿ ಹೋದಾಗ ಮೊದಲ ಮಂದೆ ಸಿಕ್ಕಿತು. ಹೆಗಲ ಮೇಲೆ ಕರಿಯ ಕಂಬಳಿ ಹಾಕಿಕೊಂಡ ಐವತ್ತರ ಗಂಡಸೊಬ್ಬ ಹಿಂದಿನಿಂದ ಕುರಿ ಹೊಡೆದುಕೊಂಡು ಬರುತ್ತಿದ್ದ. ದೊಡ್ಡಮ್ಮ ಬ್ಯಾಗನ್ನು ಕಲ್ಲಿನ ಮೇಲಿಟ್ಟು, ಚಿತ್ರ ಕೈಯಲ್ಲಿ ಹಿಡಿದು, ಕ್ಲಾಸಿಗೆ ಹೋಗುವವರಂತೆ ಮಂದೆಗೆ ಎದುರಾದರು.

"ಸೀಳು ಯಾವ ಕಿವಿಗೆ ಇರಬೇಕು ಹೇಳು" ಎಂದು ನನ್ನನ್ನು ಕೇಳಿದರು.

"ಚಿತ್ರದಲ್ಲಿ ಎಡಗಡೆ ಇದೆ."

"ಚಿತ್ರದ ಎಡ ಅಂದರೆ ಕುರಿಯ ಬಲ. ಎದುರಿಗೆ ನಿಂತ ಮಗುವಿನ ಬಲಗೈ ನಮಗೆ ಯಾವ ಕಡೆ ಕಾಣುತ್ತೆ? ಇದನ್ನ ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿಲ್ಲ ನಾನು!"

ಒಂದು ಕುರಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. ಅದರ ಸೀಳು ಎಡಗಿವಿಗಿತ್ತು. "ಉಲ್ಟಾ. ಇವರಲ್ಲ" ಎಂದು ಬಿಟ್ಟರು. ಎರಡನೆಯದೂ ಉಲ್ಟಾ. ಮೂರನೆಯದನ್ನು ಹಿಡಿಯುವಷ್ಟರಲ್ಲಿ ಹಿಂದೆ ಏನೋ ಚಪ್ಪರಿಸುವ ಸದ್ದು. ತಿರುಗಿ ನೋಡಿದರೆ ದಪ್ಪನೆಯ ಹೆಣ್ಣು ಕುರಿಯೊಂದು ಬ್ಯಾಗಿನೊಳಗೆ ಕುತ್ತಿಗೆಯವರೆಗೂ ಇಳಿದಿತ್ತು. ಸಿಗಬಹುದಾದ ನೆಂಟರಿಗೆಂದು ಮೈಸೂರಿನಿಂದ ಹೊತ್ತು ತಂದ ರಸಬಾಳೆ ಹಣ್ಣುಗಳು ಸಿಪ್ಪೆ ಸಮೇತ ಮಾಯವಾಗಿದ್ದವು. ಈಗ ಅದರ ಬಾಯಲ್ಲಿ ಪಾಸ್‌ಪೋರ್ಟ್ ಇತ್ತು.

ದೊಡ್ಡಮ್ಮ ಒಂದು ಕಡೆ, ಕುರಿ ಒಂದು ಕಡೆ ಎಳೆದರು. ಮೂರು ಪ್ಲಾಸ್ಟಿಕ್ ಕವರಿನ ಸಮೇತ ಪಾಸ್‌ಪೋರ್ಟಿನ ಮೂಲೆ ಅರ್ಧಚಂದ್ರದ ಆಕಾರಕ್ಕೆ ಹರಿದು ಕುರಿಯ ಪಾಲಾಯಿತು.

"ಏನ್ರೀ, ಕುರೀನ ಹೀಗಾ ಸಾಕೋದು? ಶಿಸ್ತು ಬೇಡವಾ?"

"ಕುರಿಗಿ ಶಿಸ್ತ ಹೆಂಗ ಕಲಸ್ಲಿರೀ ಬಾಯಾರ? ನೀವ್ಯಾರು ಮೊದ್ಲ ಹೇಳ್ರಿ. ಕಿವಿ ಯಾಕ ನೋಡಾಕತ್ತೀರಿ? ಬಿಲ್ಲಿ ಹಾಕೋ ಆಫೀಸ್ನವರೇನು? ನಮ್ಮ ಕುರಿಗಿ ಬಿಲ್ಲಿ ಬ್ಯಾಡ. ನಡೀರಿ, ನಡೀರಿ!"

ಸರ್ಕಾರದವರು ಜಾನುವಾರುಗಳ ಕಿವಿಗೆ ನಂಬರಿನ ಬಿಲ್ಲೆ ಹಾಕಿ ಹೋಗುತ್ತಾರಲ್ಲ, ನಮ್ಮನ್ನೂ ಅವರೇ ಎಂದುಕೊಂಡಿದ್ದ. ದೊಡ್ಡಮ್ಮ ಅವನ ಜೊತೆ ಇನ್ನು ಮಾತೇ ಇಲ್ಲ ಎನ್ನುವಂತೆ ಹೋಗಿ ಆಟೋದಲ್ಲಿ ಕೂತರು. ಅವನು ಹಿಂದಿನಿಂದ ನಮಗೆ ಕೇಳುವಂತೆ, "ಹಣ್ಣ ಚಲೋ ಇದ್ವು ಅನ್ನಾಕತ್ತದ್ರೀ ಕುರಿ!" ಎಂದು ಕೂಗಿದ.

ಗುಡ್ಡದ ಹೊಟ್ಟೆ

ಬುದ್ಧನ ಹೊಟ್ಟೆ ಹತ್ತಲು ದೊಡ್ಡಮ್ಮನ ಮಂಡಿ ಎರಡು ಗಂಟೆ ತೆಗೆದುಕೊಂಡಿತು. ಹತ್ತು ಹೆಜ್ಜೆಗೊಮ್ಮೆ ನೋಟ ಸವಿಯುವ ನೆಪದಲ್ಲಿ ನಿಲ್ಲುತ್ತಿದ್ದರು. ನೆಪವಾದರೂ ನೋಟ ನೋಟವೇ. ಕೆಳಗೆ ಕೆರೆ ಹೊಳೆಯುತ್ತಿತ್ತು. ಆಚೆಗೆ ಹತ್ತಿಯ ಹೊಲ, ಜೋಳದ ಹೊಲ, ಕಾಲುವೆಯ ನೀರು ಮುಟ್ಟಿದ ಕಡೆ ಭತ್ತದ ಹಸಿರು. ನಮ್ಮ ಚಾಮುಂಡಿ ಬೆಟ್ಟದ ಮೇಲಿಂದ ನೋಡಿದರೆ ಊರು ಕಾಣುತ್ತದೆ. ಇಲ್ಲಿ ಆಕಾಶವೇ ಹೆಚ್ಚು ಕಾಣುತ್ತದೆ. ಹದಿನೈದು ವರ್ಷದ ಹುಡುಗನಿಗೆ ಇಲ್ಲಿ ಮಧ್ಯಾಹ್ನ ನಿದ್ದೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ನನಗೂ ಬಂತು.

ಎಚ್ಚರವಾದಾಗ ಸುತ್ತಲೂ ಕುರಿ. ಕಿವಿ ನೋಡುವ ಆಫೀಸರಮ್ಮ ಬಂದಿದ್ದಾರೆಂಬ ಸುದ್ದಿ ನಮಗಿಂತ ಬೇಗ ಗುಡ್ಡ ಹತ್ತಿತ್ತು. ಕೆಲವರು ಕುರಿ ಅಡಗಿಸಿದರಂತೆ. ಆದರೆ ಔಷಧಿ ಸಿಗಬಹುದೆಂಬ ಆಸೆಯ ಮೂರು ಜನ ಮಂದೆಯ ಸಮೇತ ಬಂದು ನಿಂತಿದ್ದರು. ದೊಡ್ಡಮ್ಮ ಬಂಡೆಯ ಮೇಲೆ ಕೂತು ಒಂದೊಂದೇ ಕುರಿಯ ಮುಖ ಹಿಡಿದು ಪರೀಕ್ಷಿಸುತ್ತಿದ್ದರು. ಯಾವುದೂ ಚಿತ್ರದಂತಿರಲಿಲ್ಲ. ಕೊನೆಗೆ ಮುದುಕನೊಬ್ಬ ಮುಂದೆ ಬಂದು ತಾನೇ ಕೂತ.

"ಅಮ್ಮಾರ, ನನ್ನ ಕಿವಿನೂ ಜರಾ ನೋಡ್ರಿ. ಎಡಗಡಿದು ಕೇಳಂಗಿಲ್ಲ."

ದೊಡ್ಡಮ್ಮ ಬಗ್ಗಿಸಿ ನೋಡಿದರು, ಡಾಕ್ಟರ ಹತ್ತಿರ ಹೋಗಲೇಬೇಕೆಂದು ಗದರಿದರು. ಅವನು ಕೈ ಮುಗಿದು, ತನ್ನ ಬುತ್ತಿಯ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಕಡಲೆಕಾಯಿ ಚಟ್ನಿಪುಡಿ ಬಿಚ್ಚಿ ನಮ್ಮಿಬ್ಬರಿಗೂ ಹಾಕಿದ. ಹಿಂಡಿಯ ಖಾರಕ್ಕೆ ನಾನು ಅತ್ತೆ. ದೊಡ್ಡಮ್ಮ ಅಳಲಿಲ್ಲ. "ನೋಡು, ನನ್ನ ನಾಲಗೆ ಇಲ್ಲಿಯದೇ" ಎಂದು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು.

ಸುರಪುರ

ಅಂದು ಸುರಪುರದಲ್ಲಿ ಕುರಿ ಸಂತೆಯಿದೆ, ಸುತ್ತಲಿನ ಹಟ್ಟಿಗಳ ಕಿವಿಗಳೆಲ್ಲ ಅಲ್ಲೇ ಸಿಗುತ್ತವೆ ಎಂದ ಗೌತಮ. ಅದು ಬುದ್ಧಿವಂತ ಮಾತಾಗಿತ್ತು. ಬುದ್ಧಿ ಕಡಿಮೆಯಾದದ್ದು ನನಗೆ.

ದೊಡ್ಡಮ್ಮ ಕಿವಿ ನೋಡುತ್ತಾ ಮುಂದೆ ಹೋದರು. ಒಬ್ಬ ಹಿರಿಯ ನಗುತ್ತಾ ಬಂದು ನನ್ನ ಕೈ ಹಿಡಿದು, ಮೇಲೆ ಟವೆಲು ಹಾಕಿದ. ಇಲ್ಲಿಯ ಕುಶಲೋಪರಿ ಹೀಗಿರಬೇಕು ಎಂದುಕೊಂಡೆ. ಟವೆಲಿನ ಕೆಳಗೆ ಅವನು ನನ್ನ ಮೂರು ಬೆರಳು ಒತ್ತಿದ. ಮರ್ಯಾದೆಗೆ ನಾನೂ ಅವನ ನಾಲ್ಕು ಬೆರಳು ಒತ್ತಿದೆ. ಅವನ ಮುಖ ಅರಳಿತು. ಇನ್ನೂ ಹೆಚ್ಚು ಮರ್ಯಾದೆ ತೋರಿಸೋಣವೆಂದು ಐದನ್ನೂ ಒತ್ತಿದೆ. ಮರುಕ್ಷಣ ನನ್ನ ಕೈಯಲ್ಲಿ ಹಗ್ಗವಿತ್ತು, ಹಗ್ಗದ ಇನ್ನೊಂದು ತುದಿಯಲ್ಲಿ ಕೊಂಬಿನ ಟಗರಿತ್ತು.

ಗೌತಮ ಓಡಿ ಬಂದ. "ಅಣ್ಣಾರ, ಟವೆಲ್ ಕೆಳಗ ಬೆರಳ ಲೆಕ್ಕದಾಗ ಬೆಲಿ ಮಾತಾಡ್ತಾರ್ರಿ. ಅವರು ಕೇಳಿದ ಬೆಲಿಗಿಂತ ನೀವ ಜಾಸ್ತಿ ಕೊಡ್ತೀನಂದೀರಿ! ಇಂಥ ಗಿರಾಕಿ ಈ ಸಂತ್ಯಾಗ ಯಾರೂ ನೋಡಿಲ್ಲ." ಅವನು ಇದು ಮೈಸೂರಿನ ಪ್ರಾಣಿ, ಬಿಟ್ಟುಬಿಡ್ರಿ ಎಂದು ಕೇಳಿಕೊಂಡ ಮೇಲೆ ಹಿರಿಯ ಹಗ್ಗ ವಾಪಸು ತೆಗೆದುಕೊಂಡ. ಸಂತೆಯೆಲ್ಲ ನಕ್ಕಿತು. ನಗದೆ ನಿಂತಿದ್ದವರು ದೊಡ್ಡಮ್ಮ ಒಬ್ಬರೇ. ಸಂತೆಯ ಕೊನೆಯ ಕುರಿಯ ಹತ್ತಿರ ನಿಂತು ಚಿತ್ರವನ್ನು ಮಡಿಸುತ್ತಿದ್ದರು.

"ಸಾಕು ಕಣೋ. ಕುರಿಯ ಕಿವಿ ನೋಡಿ ಯಾರಾದರೂ ತವರುಮನೆ ಹುಡುಕ್ತಾರಾ? ನಿಮ್ಮ ದೊಡ್ಡಪ್ಪನಿಗೆ ಮಾತ್ರ ಹೇಳಬೇಡ" ಎಂದರು.

ಶಾಲೆಯ ಆ ಧ್ವನಿ ಅದರಲ್ಲಿರಲಿಲ್ಲ. ನನಗೆ ತುಂಬ ಬೇಜಾರಾಯಿತು.

ವಾಪಸು ರಸ್ತೆಯಲ್ಲಿ

ಇಳಿಬಿಸಿಲಿನಲ್ಲಿ ಶಹಾಪುರದ ಕಡೆ ಬರುತ್ತಿದ್ದಾಗ ಆಟೋ ನಿಂತಿತು. ಮುಂದೆ ರಸ್ತೆಯ ತುಂಬ ಕುರಿ, ನಡುವೆ ಕರಿಯ ಕಂಬಳಿ. ಬೆಳಗಿನ ಅದೇ ಮನುಷ್ಯ. ನಮ್ಮನ್ನು ನೋಡಿ ಹಲ್ಲು ಬಿಟ್ಟ.

"ಏನ್ರೀ ಬಾಳಿಹಣ್ಣಿನ ಬಾಯಾರ, ಕಿವಿ ಸಿಕ್ಕಾವೇನು?"

ಗೌತಮ ಹಾರನ್ ಹೊಡೆದ. ಕುರಿಗಳು ಅದನ್ನು ಕೇಳಿಸಿಕೊಂಡ ಲಕ್ಷಣ ಕಾಣಲಿಲ್ಲ. ಆಟೋ ಮಂದೆಯ ಹಿಂದೆ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಾ ತೆವಳಿತು. ಮಾಡಲು ಬೇರೇನೂ ಇಲ್ಲದೆ ನಾವು ನೋಡುತ್ತಾ ಕೂತೆವು. ಮುಂದೆ ನಲವತ್ತು ಬಾಲ, ಅವುಗಳ ಆಚೆ ಎಂಬತ್ತು ಕಿವಿ.

ಸ್ವಲ್ಪ ಹೊತ್ತಿನ ಮೇಲೆ ದೊಡ್ಡಮ್ಮ ಮಡಿಸಿದ ಹಾಳೆಯನ್ನು ಮೆಲ್ಲಗೆ ಬಿಚ್ಚಿದರು. ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ಹಾಳೆ ನೋಡಿದರು, ಕುರಿ ನೋಡಿದರು. ಮತ್ತೆ ಹಾಳೆ ನೋಡಿದರು.

"ನಿಲ್ಲಿಸಪ್ಪಾ! ಆಟೋ ನಿಲ್ಲಿಸು!" ಎಂದು ಕೂಗಿದರು, ಆಗಲೇ ನಿಂತಿದ್ದ ಆಟೋದಲ್ಲಿ.

ನಾನೂ ನೋಡಿದೆ. ಎಡಕ್ಕೆ ಸೀಳು, ಬಲಕ್ಕೆ ಕತ್ತರಿಸಿದ ತುದಿ. ಹಾಳೆಯಲ್ಲಿದ್ದಂತೆಯೇ, ಒಂದಲ್ಲ, ಅಷ್ಟೂ ಕುರಿಗಳು. ಭೀಮಣ್ಣ ಕುರಿಯನ್ನು ಎದುರಿನಿಂದ ಬರೆದೇ ಇರಲಿಲ್ಲ. ಹಿಂದಿನಿಂದ ಬರೆದಿದ್ದರು. ದೊಡ್ಡಮ್ಮ ಮುಗ್ಗರಿಸುತ್ತಾ ಇಳಿದು ಹೋಗಿ ಹಾಳೆಯನ್ನು ಆ ಮನುಷ್ಯನ ಮೂಗಿಗೆ ಹಿಡಿದು, ಎಡ ಬಲದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದರು.

ಅವನು ನಕ್ಕ. "ಕುರಿ ಕಾಯಾಂವ ಕುರಿ ಹಿಂದ ನಡೀತಾನ್ರೀ. ಅಂವಗ ಕುರಿ ಮುಖ ಯಾವಾಗ ಕಾಣ್ತದ? ಮುಂದ ನಿಂತು ಮಾರಿ ನೋಡಾವ್ರು ನೀವು, ಸಾಲಿ ಕಲಿತವ್ರು." ಆಮೇಲೆ ಹಾಳೆಯ ಮೇಲೆ ಅವನ ಬೆರಳು ನಿಂತಿತು. ಸೀಳಿದ ಕಿವಿಯ ಬುಡದಲ್ಲಿದ್ದ, ಪೆನ್ನು ಜಾರಿದ್ದೆಂದು ನಾವು ಬಿಟ್ಟಿದ್ದ ಆ ಸಣ್ಣ ಕಚ್ಚಿನ ಮೇಲೆ. ನಗು ನಿಂತಿತು.

"ಇದ ಯಾರು ತಗದಾರ್ರೀ?"

"ನಮ್ಮಪ್ಪ. ಭೀಮಣ್ಣ ಅಂತ."

ಅವನು ರಸ್ತೆಯ ಪಕ್ಕದಲ್ಲೇ ಇದ್ದ ತನ್ನ ಹಟ್ಟಿಯ ಕಡೆ ತಿರುಗಿ, ಕುರಿಗಳೇ ಬೆಚ್ಚುವಂತೆ ಕೂಗಿದ. "ಯವ್ವಾ! ಏ ಯವ್ವಾ! ಹೊರಗ ಬಾ!"

ಹಟ್ಟಿ

ಅವನ ಹೆಸರು ಮಾಳಪ್ಪ. ಭೀಮಣ್ಣನ ಅಣ್ಣನ ಮೊಮ್ಮಗ. ಹೊರಗೆ ಬಂದ ಅವನ ತಾಯಿ ನಾಗಮ್ಮ, ಎಪ್ಪತ್ತೈದು ದಾಟಿದ ಮುದುಕಿ. ಹಾಳೆಯನ್ನು ಹಿಡಿದು ನೋಡಿದಳು, ದೊಡ್ಡಮ್ಮನ ಗಲ್ಲ ಹಿಡಿದು ನೋಡಿದಳು.

"ಆ ಕಚ್ಚ ಭೀಮಕಾಕಾನ ಪಾಲಿಂದು. ಅಣ್ಣಂದು ಬ್ಯಾರೆ, ತಮ್ಮಂದು ಬ್ಯಾರೆ ಅಂತ ಗುರ್ತ ಹಾಕಿದ್ರು. ನಾ ಸೊಸಿಯಾಗಿ ಬಂದಾಗ ನಮ್ಮತ್ತಿ ಹೇಳ್ಯಾಳ, ಅಂವ ಬರ್ತಾನ, ಬಂದು ಪಾಲ ಕೇಳ್ತಾನ, ಆ ಕಚ್ಚಿನ ಕುರಿ ಮನಿ ಬಿಡಬಾರದು ಅಂತ. ಗಂಡು ಮರಿ ಮಾರೀವಿ, ಸುಳ್ಳ ಯಾಕ ಹೇಳ್ಲಿ. ಹೆಣ್ಣ ಒಂದೂ ಮಾರಿಲ್ಲ."

"ತೋಳ ಟಗರು ಒಯ್ದಿತ್ತಂತಲ್ಲ, ಅಣ್ಣ ಸಿಟ್ಟಾಗಿದ್ದರಂತಲ್ಲ..." ಎಂದರು ದೊಡ್ಡಮ್ಮ.

"ಯಾವ ತೋಳ? ಆ ಟಗರು ಸಂಜೀಕ ತಾನ ಮನಿಗಿ ಬಂತವ್ವ. ಅಣ್ಣ ಆರು ತಿಂಗಳ ತಮ್ಮನ ಹುಡುಕ್ಯಾನ. ಟಗರು ಬಂತು, ಹುಡುಗ ಬರ್ಲಿಲ್ಲ."

ದೊಡ್ಡಮ್ಮ ಮೊದಲು ನಕ್ಕರು. ಮನೆಗೆ ತಾನೇ ನಡೆದು ಬಂದ ಟಗರಿಗಾಗಿ ಒಬ್ಬ ಮನುಷ್ಯ ಜೀವಮಾನವಿಡೀ ಹೆದರಿಕೊಂಡಿದ್ದನಲ್ಲ ಎಂದು ನಕ್ಕರು. ನಗುತ್ತಾ ನಗುತ್ತಾ ಕಟ್ಟೆಯ ಮೇಲೆ ಕೂತು, ಸೆರಗು ಬಾಯಿಗೊತ್ತಿಕೊಂಡು ಅತ್ತರು. ನಾಗಮ್ಮ ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿದಳು. ನನಗೂ ಕಣ್ಣು ತುಂಬಿತು. ಈ ಸಲ ಹಿಂಡಿಯ ನೆಪ ಇರಲಿಲ್ಲ.

ಅಷ್ಟರಲ್ಲಿ ಮಾಳಪ್ಪ ಮಂದೆಯಿಂದ ಒಂದು ಕುರಿಯನ್ನು ಎಳೆದು ತಂದ. ದಪ್ಪನೆಯ ಹೆಣ್ಣು ಕುರಿ. ಎಡಗಿವಿಯ ಬುಡದಲ್ಲಿ ಉಗುರಿನಷ್ಟು ಕಚ್ಚು.

"ನೋಡ್ರೀ ಅತ್ತಿ, ನಿಮ್ಮ ಪಾಲಿನ ಕುರಿ. ನಿಮ್ಮ ಹಣ್ಣು ನಿಮ್ಮ ಕುರೀನ ತಿಂದದ. ಮುಂಜಾನಿ ಸುಮ್ನ ನನಗ ಬೈದ್ರಿ."

ದೊಡ್ಡಮ್ಮ ಕಣ್ಣೊರೆಸಿಕೊಂಡು ಪಾಸ್‌ಪೋರ್ಟ್ ತೆಗೆದರು. ಹರಿದ ಮೂಲೆಯನ್ನು ಕುರಿಯ ಕಿವಿಯ ಪಕ್ಕ ಹಿಡಿದು ನೋಡಿ, "ಮುದ್ರೆ ಬಿತ್ತು" ಎಂದರು.

ಕುರಿಯನ್ನು ಕರೆದುಕೊಂಡು ಹೋಗಿ ಎಂದು ಮಾಳಪ್ಪ ನಿಜಕ್ಕೂ ಹಗ್ಗ ಕೊಟ್ಟ. ದೊಡ್ಡಮ್ಮ ಒಂದು ಕ್ಷಣ ರೈಲಿನ ಬರ್ತಿನ ಬಗ್ಗೆ ಯೋಚಿಸಿದ್ದು ಅವರ ಮುಖದಲ್ಲಿ ಕಂಡಿತು. ಆಮೇಲೆ, "ಇಲ್ಲೇ ಇರಲಪ್ಪ. ನೋಡೋಕೆ ಅಂತ ನಾನು ಬರಬೇಕಲ್ಲ" ಎಂದರು.

ಹೊರಡುವ ಮುಂಚೆ ನಾಗಮ್ಮ ದೊಡ್ಡಮ್ಮನನ್ನು ಒಳಗೆ ಕರೆದು ಮಣೆಯ ಮೇಲೆ ಕೂರಿಸಿದಳು. ನಾವು ಮಡಿಲು ತುಂಬುವುದು ಎನ್ನುತ್ತೇವಲ್ಲ, ಅದನ್ನು ಇಲ್ಲಿ ಉಡಿ ತುಂಬುವುದು ಎನ್ನುತ್ತಾರೆ. ಅರಿಸಿನ ಕುಂಕುಮ ಹಚ್ಚಿ, ಕುಪ್ಪಸದ ಬಟ್ಟೆ, ಒಣ ಕೊಬ್ಬರಿ, ಬೆಲ್ಲ, ಆಮೇಲೆ ಐದು ಬೊಗಸೆ ಜೋಳ ಸೆರಗಿಗೆ ಹಾಕಿದಳು. "ನಾದಿನಿ, ವರ್ಷಕ್ಕೊಮ್ಮಿ ಬರ್ಬೇಕು ನೀ. ಬರ್ದಿದ್ರ ಕುರಿ ಕಳಸ್ತೀನಿ" ಎಂದಳು.

ಯಾದಗಿರಿಯ ಬಸ್ಸು

ಬಸ್ಸು ಹತ್ತಿದ ಕೂಡಲೇ ದೊಡ್ಡಮ್ಮ ದೊಡ್ಡಪ್ಪನಿಗೆ ಫೋನ್ ಮಾಡಿದರು. ಊಟವಾಯಿತಾ ಎಂದು ಕೇಳಲಿಲ್ಲ. "ನೋಡಿ, ಇನ್ನು ಮೇಲೆ ಜಗಳ ಆಡುವಾಗ ಸ್ವಲ್ಪ ಯೋಚನೆ ಮಾಡಿ ಆಡಿ" ಎಂದಷ್ಟೇ ಹೇಳಿ ಇಟ್ಟರು. ಆ ಕಡೆಯಿಂದ ಮೂರು ಸಲ ಫೋನ್ ಬಂತು. ಎತ್ತಲಿಲ್ಲ.

ಸೆರಗಿನ ಗಂಟು ತೊಡೆಯ ಮೇಲಿತ್ತು. ಬ್ಯಾಗಿಗೆ ಹಾಕೋಣ ಎಂದು ನಾನು ಕೈ ಚಾಚಿದರೆ ಕೈಗೆ ಹೊಡೆದರು. ಕಿಟಕಿಯಲ್ಲಿ ಗುಡ್ಡ ಹಿಂದೆ ಸರಿಯುತ್ತಿತ್ತು. ಪಕ್ಕದ ಸೀಟಿನ ಹೆಂಗಸು ಗಂಟು ನೋಡಿದಳು, ದೊಡ್ಡಮ್ಮನ ಹಣೆಯ ದೊಡ್ಡ ಕುಂಕುಮ ನೋಡಿದಳು. ಇನ್ನೇನು ಕೇಳುತ್ತಾಳೆಂದು ನನಗೆ ಗೊತ್ತಿತ್ತು.

"ಯಾರ ಮನಿಗಿ ಬಂದಿದ್ರೀ ಅಮ್ಮಾರ?"

ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು, ಬಸ್ಸಿಗೆಲ್ಲ ಕೇಳುವ ಆ ಶಾಲೆಯ ಧ್ವನಿಯಲ್ಲಿ ಹೇಳಿದರು.

"ನಮ್ಮ ಮನಿಗ್ರಿ."